ತಡವಾಗಿ ಬೀಳುವ ನಾಲ್ಕನೇ ಪೆಟ್ಟು

ಮಣ್ಣಿನ ಮಾದರಿ ತೆಗೆದುಕೊಳ್ಳುವುದು ನಾಲ್ಕು ಗಂಟೆಯವರೆಗೆ. ಆತ ಬಂದದ್ದು ನಾಲ್ಕು ಹತ್ತಕ್ಕೆ.

ಬಿಂದುಶ್ರೀ ಆಗಲೇ ರಿಜಿಸ್ಟರ್ ಮುಚ್ಚಿ ಪೆನ್ನಿಗೆ ಕ್ಯಾಪ್ ಹಾಕಿದ್ದಳು. ಶಿವಮೊಗ್ಗದ ನವುಲೆಯ ಆ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು ಎಂದು ಜೊತೆಯವರು ಹೇಳುತ್ತಿದ್ದರು. ಕಿಟಕಿಯ ಆಚೆ ನಿಂತವನ ಕೈಯಲ್ಲಿ ದಿನಪತ್ರಿಕೆ ಸುತ್ತಿದ ಒಂದು ಪೊಟ್ಟಣವಿತ್ತು. ಮೂವತ್ತೈದರ ಆಸುಪಾಸು, ಮಾಸಿದ ನೀಲಿ ಶರ್ಟು, ಜೇಬಿನಲ್ಲಿ ಪೆನ್ನಿನ ಬದಲು ಕರೆಂಟ್ ನೋಡುವ ಟೆಸ್ಟರ್.

"ಟೈಮ್ ಆಯ್ತು. ನಾಳೆ ಬನ್ನಿ," ಎಂದಳು.

"ಭದ್ರಾವತಿಯಿಂದ ಬಂದಿದೀನಿ ಮೇಡಂ. ಸ್ವಲ್ಪಾನೇ ಮಣ್ಣು."

"ಯಾವ ಬೆಳೆ?"

"ದಾಸವಾಳ."

ಅವಳು ತಲೆ ಎತ್ತಿದಳು. "ಎಷ್ಟು ಎಕರೆ?"

"ಒಂದು ಕುಂಡ."

ನಗು ಬರಬೇಕಾದ ಜಾಗ ಅದು. ಬರಲಿಲ್ಲ. ಆದರೆ ಅದು ಬರುತ್ತಿದ್ದ ಜಾಗ ಎಲ್ಲಿದೆ ಎಂಬುದು ಬಹಳ ದಿನಗಳ ಮೇಲೆ ಇಂದು ಅವಳಿಗೆ ನೆನಪಾಯಿತು.

"ನಿಮ್ಮ ಪೇಜಲ್ಲಿ ಬರ್ಕೊಂಡಿದೀರಲ್ಲ," ಎಂದ ಆತ. "ವಾರವೆಲ್ಲಾ ಮಣ್ಣು ಪರೀಕ್ಷೆ, ಶುಕ್ರವಾರ ಹಾಡು ಪರೀಕ್ಷೆ ಅಂತ. ಹಾಡಲ್ಲಿ ಫೇಲ್ ಮಾಡಿದ್ರಿ. ಮಣ್ಣಲ್ಲಾದ್ರೂ ಪಾಸ್ ಆಗ್ತೀನೇನೋ ಅಂತ ಬಂದೆ. ನಾನು ಧರ್ಮೇಂದ್ರ. 'ಓಲ್ಡ್ ಟೌನ್' ಅನ್ನೋ ಹೆಸರಲ್ಲಿ ಹಾಡು ಬಿಡ್ತೀನಲ್ಲ, ಅದು ನಾನೇ."

ಶುಕ್ರವಾರ ಜಗತ್ತಿನ ಹೊಸ ಹಾಡುಗಳೆಲ್ಲ ಬಿಡುಗಡೆಯಾಗುವ ದಿನ. ಆ ದಿನ ಬಿಂದುಶ್ರೀ ಕೀಬೋರ್ಡು, ಯಂತ್ರದ ತಾಳದ ಹೊಸ ಸಿಂಥ್‌ಪಾಪ್ ಹಾಡುಗಳನ್ನು ಕೇಳಿ ತನ್ನ ಇನ್‌ಸ್ಟಾಗ್ರಾಂ ಪುಟದಲ್ಲಿ ಎಂಟು ಹತ್ತು ಸಾಲು ಬರೆಯುತ್ತಿದ್ದಳು. ಓದುವವರು ನಾನೂರು ಚಿಲ್ಲರೆ ಜನ. ಸ್ವೀಡನ್ನಿನ ಹುಡುಗಿಯರು, ಕೆನಡಾದ ಗಡ್ಡದವರು, ಬೆಂಗಳೂರಿನ ಇಬ್ಬರು ಗೆಳೆಯರು, ಎಲ್ಲರೂ ಎಂಬತ್ತರ ದಶಕದ ಕೀಬೋರ್ಡುಗಳ ಸದ್ದನ್ನು ಮತ್ತೆ ಹುಟ್ಟಿಸುವ ಹಟದಲ್ಲಿದ್ದರು. ಅವರಲ್ಲಿ ಹೆಚ್ಚಿನವರು ಎಂಬತ್ತರ ದಶಕದಲ್ಲಿ ಹುಟ್ಟಿಯೇ ಇರಲಿಲ್ಲ. ಬಿಂದುಶ್ರೀಯೂ ಹುಟ್ಟಿರಲಿಲ್ಲ.

ಅವಳಿಗೆ ಆ ಸಂಗೀತ ಬೇಕಾದದ್ದು ಬೇರೆ ಕಾರಣಕ್ಕೆ. ಗಂಡ ನಾಗೇಶ ತೀರಿಹೋದ ಮೇಲೆ, ಎದೆ ಹಿಂಡುವಂತೆ ಹಾಡುವವರ ಹಾಡನ್ನು ಅವಳು ಕೇಳಲಾರದಾಗಿದ್ದಳು. ಯಂತ್ರದ ತಾಳ ಸಂತಾಪ ಹೇಳುವುದಿಲ್ಲ. ಬರಬೇಕಾದ ಹೊತ್ತಿಗೆ ಸರಿಯಾಗಿ ಬರುತ್ತದೆ.

ನಾಗೇಶ ಆರು ಗಂಟೆಗೆ ಬರುತ್ತೇನೆಂದು ಹೇಳಿ ಹೋಗಿದ್ದ. ಆರೂ ನಲವತ್ತಕ್ಕೆ ಫೋನು ಬಂತು. ಆ ನಲವತ್ತು ನಿಮಿಷ ಅವಳು ಬಾಗಿಲಲ್ಲಿ ನಿಂತು ಕಾದಿದ್ದಳು. ಮೂರು ವರ್ಷವಾಯಿತು. ಅಂದಿನಿಂದ ಅವಳು ಯಾರಿಗೂ ಕಾಯುವುದಿಲ್ಲ.

ಧರ್ಮೇಂದ್ರನ 'ಎರಡನೇ ಶಿಫ್ಟ್' ಹಾಡಿನ ಬಗ್ಗೆ ಅವಳು ಬರೆದದ್ದು ಇಷ್ಟೇ: ರಾಗ ಚೆನ್ನಾಗಿದೆ, ಕೀಬೋರ್ಡಿನ ಸದ್ದು ನಿಜವಾಗಿಯೂ ಹಳೆಯದು, ಆದರೆ ಪ್ರತಿ ನಾಲ್ಕನೇ ಸುತ್ತಿನ ನಾಲ್ಕನೇ ಪೆಟ್ಟು ತಡವಾಗಿ ಬೀಳುತ್ತದೆ, ಹೊತ್ತಿಗೆ ಬಾರದ ಕಂಪ್ಯೂಟರ್ ಕಟ್ಟಿಕೊಂಡು ಏನು ಮಾಡುವುದು.

"ಎಷ್ಟು ತಡ ಆಗುತ್ತೆ?" ಎಂದು ಕೇಳಿದ.

"ನಲವತ್ತು ಮಿಲಿಸೆಕೆಂಡ್."

"ಅಳತೆ ಮಾಡಿದ್ರಾ?"

"ಮಾಡಿದೆ."

ಅವನ ಕಣ್ಣಿನಲ್ಲಿ ತುಂಟತನ ಇಣುಕಿತು. ತನ್ನ ಹಾಡಿನ ಮೇಲೆ ಯಾರೋ ಇಷ್ಟು ಹೊತ್ತು ಬಗ್ಗಿ ಕೂತಿದ್ದರಲ್ಲ ಎಂಬ ಸಂತೋಷ ಅದರ ಹಿಂದೆಯೇ ಬಂತು. ಅದನ್ನು ಮುಚ್ಚಿಡಲು ಅವನಿಗೆ ತಿಳಿಯಲಿಲ್ಲ. "ಹಾಗಾದ್ರೆ ಹಾಡು ಚೆನ್ನಾಗಿರ್ಲಿಲ್ಲ?"

"ಚೆನ್ನಾಗಿತ್ತು. ಅದಕ್ಕೇ ಕೋಪ ಬಂತು."

ಪೊಟ್ಟಣವನ್ನು ಕಿಟಕಿಯೊಳಗೆ ಸರಿಸಿದ. ಬಿಂದುಶ್ರೀ ಮುಚ್ಚಿದ್ದ ರಿಜಿಸ್ಟರನ್ನು ಮತ್ತೆ ತೆರೆದಳು.

ಮಣ್ಣಿನ ವರದಿಯನ್ನು ಫೋನಿಗೇ ಕಳಿಸಿದಳು. ರಂಜಕ ಕಡಿಮೆ ಇದೆ, ನೀರು ಅತಿಯಾಗಿದೆ, ಕುಂಡವನ್ನು ಬಿಸಿಲಿಗೆ ಸರಿಸಿ. ಸರಿಸಿದ ಕುಂಡದ ಫೋಟೋ ಬಂತು. ಅದರ ಹಿಂದೆ ಒಂದು ಹಾಡು, ಹಾಡಿನ ಹಿಂದೆ ಒಂದು ಜಗಳ.

ಆತ ಭದ್ರಾವತಿಯ ಒಂದು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ. ಎಂಬತ್ತರ ದಶಕದವರು ನಾಳೆಯ ಕನಸು ಕಾಣುತ್ತ ಈ ಯಂತ್ರಗಳನ್ನು ನುಡಿಸಿದರು, ಈಗಿನವರು ನಿನ್ನೆಯ ಕನಸು ಕಾಣುತ್ತ ನುಡಿಸುತ್ತಾರೆ, ಅದಕ್ಕೇ ಹೊಸ ಹಾಡುಗಳಲ್ಲಿ ಮಿಂಚಿದ್ದರೂ ಬಿಸುಪಿಲ್ಲ ಎಂಬುದು ಅವನ ವಾದ. ಯಂತ್ರಕ್ಕೆ ನಾಳೆಯೂ ಇಲ್ಲ ನಿನ್ನೆಯೂ ಇಲ್ಲ, ಅದೇ ಅದರ ಸುಖ ಎಂದು ಅವಳು ಬರೆದಳು.

'ಯಂತ್ರಕ್ಕೆ ಸುಖ ಎಲ್ಲಿಂದ ಬಂತು ಮಾರಾಯ್ತಿ' ಎಂದು ಉತ್ತರ ಬಂತು. ಮರುನಿಮಿಷವೇ, ಬಾಯಿ ತಪ್ಪಿ ಬಂತು, ಕ್ಷಮಿಸಿ ಎಂದು ಇನ್ನೊಂದು.

ಪರವಾಗಿಲ್ಲ ಎಂದು ಬರೆದಳು. ಮೂರು ವರ್ಷದಿಂದ ಎಲ್ಲರೂ ಅವಳೊಡನೆ ಆಸ್ಪತ್ರೆಯ ದನಿಯಲ್ಲಿ ಮಾತಾಡುತ್ತಿದ್ದರು. ಮಾರಾಯ್ತಿ ಎಂದು ಯಾರೂ ಕರೆದಿರಲಿಲ್ಲ.

ಒಂದು ಶನಿವಾರ ಶಿವಮೊಗ್ಗಕ್ಕೆ ವೈರು ಕೊಳ್ಳಲು ಬಂದವನನ್ನು ಗಾಂಧಿ ಬಜಾರಿನಲ್ಲಿ ಭೇಟಿಯಾದಳು. ಇಬ್ಬರೂ ಕಾಫಿ ಕುಡಿದರು. ಅವನ ಹೆಬ್ಬೆರಳಿನ ಮೇಲೆ ಬೆಸುಗೆಯ ಸುಟ್ಟ ಕಲೆ ಇತ್ತು. ಮಾತಿನ ನಡುವೆ ಆ ಬೆರಳು ಲೋಟದ ಅಂಚಿನಲ್ಲಿ ತಾಳ ಹಾಕುತ್ತಿತ್ತು. ಅವಳು ನೋಡುತ್ತಿರುವುದು ತಿಳಿದಾಗ ಬೆರಳು ನಿಂತಿತು. ಅವಳು ಕಣ್ಣು ತೆಗೆದಾಗ ಮತ್ತೆ ಶುರುವಾಯಿತು. ಮೂರು ಸಲ ಹೀಗಾದ ಮೇಲೆ ಇಬ್ಬರಿಗೂ ಗೊತ್ತಾಯಿತು, ಅದು ಆಟವೆಂದು.

ಮುಂದಿನ ಶನಿವಾರ ಆತ ತಡ ಮಾಡಿದ. ಭದ್ರಾವತಿಯಲ್ಲಿ ಅವನ ಮನೆಯಿದ್ದ ಓಲ್ಡ್ ಟೌನಿನ ಓಣಿಯಲ್ಲಿ ಅವನು ಹೊರಟರೆ ಯಾರಾದರೂ ಕೆಟ್ಟ ಮಿಕ್ಸಿ ಹಿಡಿದು ಅಡ್ಡ ನಿಲ್ಲುತ್ತಿದ್ದರು, ಅವನಿಗೆ ಇಲ್ಲ ಎನ್ನಲು ಬಾರದು. ಬಿಂದುಶ್ರೀ ಬಟ್ಟೆಯಂಗಡಿಯ ನೆರಳಲ್ಲಿ ಹತ್ತು ನಿಮಿಷ ನಿಂತಳು. ಹನ್ನೊಂದನೇ ನಿಮಿಷಕ್ಕೆ ಇನ್ನು ನಿಲ್ಲಲಾರದಾದಳು. ಆಟೋ ಹತ್ತಿ ಮನೆಗೆ ಬಂದಳು. ಅದರ ಮುಂದಿನ ಸಲವೂ ಹೀಗೇ ಆಯಿತು. ಎರಡು ಸಲವೂ ಆತ ಕಾರಣ ಕೇಳಿದ. ಅವಳು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನ ಸಂದೇಶ ಬಂತು. ಹಾಡನ್ನು ಸರಿಮಾಡಿ ಮತ್ತೆ ಬಿಟ್ಟಿದ್ದೇನೆ, ಕೇಳಿ. ಭಾನುವಾರ ಹನ್ನೊಂದಕ್ಕೆ ನಮ್ಮ ಮನೆಗೆ ಬನ್ನಿ, ಅಪ್ಪನನ್ನು ನೋಡಿದಂತಾಗುತ್ತದೆ. ಈ ಸಲವೂ ಹೊರಟುಹೋದರೆ ಮತ್ತೆ ಕರೆಯುವುದಿಲ್ಲ. ಬೇಸರದಿಂದ ಹೇಳುತ್ತಿಲ್ಲ, ನಿಮಗೆ ನನ್ನಿಂದ ಹಿಂಸೆಯಾಗುತ್ತಿದೆ ಅನ್ನಿಸುತ್ತಿದೆ.

ಅತ್ತೆ ವಿಶಾಲಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಿಂದುಶ್ರೀ ಅವರ ಎದುರು ಕೂತು, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡು, ಭಾನುವಾರ ಭದ್ರಾವತಿಗೆ ಕರೆದಿದ್ದಾರೆ ಎಂದಷ್ಟೇ ಹೇಳಿ, ಫೋನಿನಲ್ಲೇ ಹಾಡು ಹಾಕಿದಳು.

ಅದೇ ರಾಗ, ಅದೇ ಹಳೆಯ ಕೀಬೋರ್ಡು. ತಾಳ ಈಗ ಗೆರೆ ಎಳೆದಂತಿತ್ತು. ನಾಲ್ಕನೇ ಸುತ್ತು ಬಂತು. ನಾಲ್ಕನೇ ಪೆಟ್ಟು ಬೀಳಬೇಕಾದಲ್ಲೇ ಬಿತ್ತು. ಅವಳ ಕಾಲಿನ ಹೆಬ್ಬೆರಳು ಇನ್ನೂ ಮೇಲೆಯೇ ಇತ್ತು. ಅದು ಕಾಯುತ್ತಿತ್ತು. ಹಾಡು ಅದನ್ನು ಬಿಟ್ಟು ಮುಂದೆ ಹೋಯಿತು.

"ಇದು ಆವತ್ತು ಹಾಕಿದ್ದ ಹಾಡೇ ಅಲ್ವಾ?" ಎಂದರು ವಿಶಾಲಮ್ಮ.

ಹೌದೆಂದಳು.

"ಅದ್ರಲ್ಲಿ ಯಾರೋ ಇದ್ರು. ಎದ್ದು ಹೋದ್ರಾ?"

ಬಿಂದುಶ್ರೀ ಹಾಡು ನಿಲ್ಲಿಸಿದಳು. ವಿಶಾಲಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸೊಸೆ ಎರಡು ಶನಿವಾರ ಒಳ್ಳೆಯ ಸೀರೆ ಉಟ್ಟು ಹೊರಟು, ಅರ್ಧ ಗಂಟೆಯಲ್ಲಿ ಹಿಂದೆ ಬಂದದ್ದನ್ನು ಅವರು ನೋಡಿದ್ದರು. ಏನೂ ಕೇಳಿರಲಿಲ್ಲ.

"ಭಾನುವಾರ ಭದ್ರಾವತಿಗೆ ಹೋಗ್ತೀಯೇನೋ," ಎಂದರು ಈಗ, ಕಾಯಿಯತ್ತಲೇ ನೋಡುತ್ತ. "ಹೋದ್ರೆ ನಿಧಾನಕ್ಕೆ ಬಾ. ನನಗೇನೂ ಅವಸರ ಇಲ್ಲ."

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಅವಳು ಓಲ್ಡ್ ಟೌನಿನ ಆ ಮನೆಯ ಮುಂದೆ ನಿಂತಿದ್ದಳು. ಬಿಸಿಲಿನಲ್ಲಿ ದಾಸವಾಳದ ಕುಂಡವಿತ್ತು. ಹೊಸ ಎಲೆ ನಾಲ್ಕು ಬಂದಿದ್ದವು.

ಬಾಗಿಲು ತೆರೆದದ್ದು ಅಪ್ಪ, ಉಜ್ಜನಪ್ಪ. ಎಪ್ಪತ್ತು ದಾಟಿದವರು, ಕಾರ್ಖಾನೆಯಿಂದ ನಿವೃತ್ತರು. ಬಲ ಭುಜ ಎಡಕ್ಕಿಂತ ಒಂದು ಬೆರಳು ಕೆಳಗಿತ್ತು. ಮಗ ಯಾರದೋ ಮನೆಯ ಪಂಪ್ ನೋಡಲು ಹೋಗಿದ್ದಾನೆ, ಬಂದುಬಿಡುತ್ತಾನೆ ಎಂದರು. ಮೂಲೆಯಲ್ಲಿ ಹಳೆಯ ಜಪಾನಿ ಕೀಬೋರ್ಡು. ಅದರ ಪಕ್ಕ ಬೆಡ್‌ಶೀಟ್ ಮುಚ್ಚಿದ ಇನ್ನೇನೋ.

ಅವಳ ಕಣ್ಣು ಅತ್ತ ಹೋದದ್ದು ಕಂಡು ಅವರೇ ಹೇಳತೊಡಗಿದರು. ಎಂಬತ್ತೇಳರಲ್ಲಿ ಇವರ ಆರ್ಕೆಸ್ಟ್ರಾ ಊರ ಗಣಪತಿ ಪೆಂಡಾಲುಗಳಿಗೆಲ್ಲ ಬೇಕಾಗಿತ್ತು. ಆಗ ಎಲ್ಲೆಡೆ ಕಂಪ್ಯೂಟರ್ ಮ್ಯೂಸಿಕ್ಕಿನ ಹುಚ್ಚು. ತಾಳದ ಯಂತ್ರ ಇವರ ಕೈಗೆಟುಕುವ ಮಾತಲ್ಲ. ಹೇಗೋ, ಕೋಲಿನಿಂದ ಬಾರಿಸಿದರೆ ಯಂತ್ರದ ಸದ್ದು ಬರುವ ನಾಲ್ಕು ರಬ್ಬರ್ ಪ್ಯಾಡು ಸಿಕ್ಕವು. ಪೋಸ್ಟರಿನಲ್ಲಿ 'ಕಂಪ್ಯೂಟರ್ ರಿದಂ' ಎಂದು ಅಚ್ಚು ಹಾಕಿಸಿ, ಉಜ್ಜನಪ್ಪನನ್ನು ಪರದೆಯ ಹಿಂದೆ ಕೂರಿಸಿದರು. ಯಂತ್ರದಂತೆ ಬಾರಿಸಬೇಕು, ಕಾರ್ಯಕ್ರಮ ಮುಗಿಯುವವರೆಗೆ ಕೆಮ್ಮಬಾರದು, ಜನ ಹೋಗುವವರೆಗೆ ಹೊರಗೆ ಬರಬಾರದು. ಏಳು ವರ್ಷ ಹೀಗೇ ನಡೆಯಿತು. ಹೆಂಡತಿಯ ತವರಿನವರೂ ಒಮ್ಮೆ ಕಂಪ್ಯೂಟರ್ ನೋಡಲೆಂದೇ ಲಾರಿ ಹತ್ತಿ ಬಂದಿದ್ದರಂತೆ.

"ಒಂದ್ಸಲ ಪರದೆ ಮೋಟಾಗಿತ್ತು," ಎಂದು ನಕ್ಕರು. "ಮುಂದಿನ ಸಾಲಲ್ಲಿ ಕೂತಿದ್ದ ಮುದುಕಿ ಕೇಳಿದ್ಲು, ಏನ್ರಪ್ಪಾ, ಕಂಪ್ಯೂಟರ್ ಚಪ್ಪಲಿ ಹಾಕುತ್ತಾ ಅಂತ."

ಈ ಸಲ ನಗು ಬಂತು. ಸಣ್ಣದು, ತುಸು ಒರಟಾದದ್ದು. ಆಗಲೇ ಅವಳ ಕಣ್ಣು ಗೋಡೆಯ ಗಡಿಯಾರಕ್ಕೆ ಬಿತ್ತು. ಹನ್ನೊಂದೂ ಹತ್ತು.

"ಮಗನ ಹಾಡಿಗೂ ನಾನೇ ಬಾರಿಸಿದ್ದೆ," ಎಂದರು ಉಜ್ಜನಪ್ಪ. "ಹೆಸರು ಬೇಡ ಅಂದಿದ್ದೆ, ಅಭ್ಯಾಸ ಇಲ್ಲ ನೋಡಿ. ಆಮೇಲೆ ಯಾರೋ ಶಿವಮೊಗ್ಗದೋರು ಬರೆದ್ರು, ಕಂಪ್ಯೂಟರ್ ಹೊತ್ತಿಗೆ ಬರಲ್ಲ ಅಂತ. ಮೂವತ್ತು ವರ್ಷದ ಮೇಲೂ ಕಂಪ್ಯೂಟರ್ ಅಂದ್ಕೊಂಡ್ರಲ್ಲ ಅಂತ ಒಂದು ಖುಷಿ. ಆದ್ರೆ ತಪ್ಪು ತಪ್ಪೇ. ಕೊನೇ ಪ್ಯಾಡು ದೂರ, ಈ ಭುಜ ಏಳೋದು ತಡ. ತೆಗೆದುಹಾಕು ಅಂತ ನಾನೇ ಅಂದೆ. ಅವನಿಗೆ ಮನಸ್ಸಿರ್ಲಿಲ್ಲ." ಬೆಡ್‌ಶೀಟಿನ ಮಡಿಕೆಯನ್ನು ಸುಮ್ಮನೆ ಸವರಿದರು. "ಇನ್ನು ಬಾರಿಸಲ್ಲ."

ಹನ್ನೊಂದೂ ಹನ್ನೊಂದು. ಚೀಲ ತೆಗೆದುಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ಒಂದು ಚಪ್ಪಲಿ ಹಾಕಿದಳು. ಎದುರಿಗೆ ಓಣಿ ಖಾಲಿಯಾಗಿತ್ತು.

ಇನ್ನೊಂದು ಚಪ್ಪಲಿ ಹಾಕಲಿಲ್ಲ.

"ಆ ಶಿವಮೊಗ್ಗದೋರು ನಾನೇ," ಎಂದಳು ತಿರುಗಿ. "ತಪ್ಪು ಬರೆದೆ. ಆ ಪೆಟ್ಟು ಇಲ್ದೆ ಹಾಡಲ್ಲಿ ಯಾರೂ ಇಲ್ಲ. ಒಂದ್ಸಲ ಬಾರಿಸ್ತೀರಾ?"

ಉಜ್ಜನಪ್ಪ ಅವಳ ಕಾಲಿನ ಒಂದೇ ಚಪ್ಪಲಿಯನ್ನು ನೋಡಿದರು. ಆಮೇಲೆ ಬೆಡ್‌ಶೀಟ್ ಎಳೆದರು.

ಅವರು ಬಾರಿಸುವಾಗ ಅವಳು ಕೈ ನೋಡಲಿಲ್ಲ, ಭುಜ ನೋಡಿದಳು. ನಾಲ್ಕನೇ ಸುತ್ತಿನ ಕೊನೆಗೆ ಆ ಭುಜ ಏಳಲು ಹೆಣಗುತ್ತಿತ್ತು. ಆ ಕ್ಷಣದಲ್ಲಿ ಏನೂ ಇರಲಿಲ್ಲ, ಬರೀ ಕಾಯುವುದು. ಆಮೇಲೆ ಪೆಟ್ಟು ಬಿತ್ತು. ಮತ್ತೆ ಸುತ್ತು, ಮತ್ತೆ ಆ ಖಾಲಿ, ಮತ್ತೆ ಪೆಟ್ಟು. ಪ್ರತಿ ಸಲವೂ ತಡವಾಯಿತು. ಪ್ರತಿ ಸಲವೂ ಬಂತು.

ನಿಲ್ಲಿಸಿದಾಗ, ಹಳೆಯದನ್ನೇ ಮತ್ತೆ ಬಿಡಲು ಮಗನಿಗೆ ಹೇಳಬೇಕು, ಈ ಸಲ ನಿಮ್ಮ ಹೆಸರು ಹಾಕಿ ಎಂದು ಕೇಳಿಕೊಂಡಳು. ಪರದೆಯ ಆಚೆ ಬಂದು ಏನು ಮಾಡಲಿ ಈ ವಯಸ್ಸಲ್ಲಿ ಎಂದರು. ಬೇಡವೆನ್ನಲಿಲ್ಲ.

ಓಣಿಯ ತಿರುವಿನಲ್ಲಿ ಧರ್ಮೇಂದ್ರ ಓಡುತ್ತ ಬಂದ. ಮೊಣಕೈವರೆಗೆ ಗ್ರೀಸು. ಬಾಗಿಲಲ್ಲಿ ಅವಳನ್ನು ಕಂಡು, ಓಟ ಮರೆತವನಂತೆ ನಿಂತ.

"ಇಪ್ಪತ್ತೈದು ನಿಮಿಷ ಆಗಿದೆ," ಎಂದ. "ಹೋಗಿರ್ತೀರ ಅಂದ್ಕೊಂಡೆ."

"ಹೊರಟಿದ್ದೆ," ಎಂದು ತನ್ನ ಪಾದ ತೋರಿಸಿದಳು. ಒಂದು ಕಾಲಲ್ಲಿ ಇನ್ನೂ ಚಪ್ಪಲಿ ಇತ್ತು.

ಅವನು ಅದನ್ನು ನೋಡಿ, ಮತ್ತೆ ಅವಳ ಮುಖ ನೋಡಿದ. ನಗಬಹುದೇ ಎಂದು ಕಣ್ಣಲ್ಲೇ ಕೇಳಿದ.

ಜಗಲಿಯಲ್ಲಿ, ಕುಂಡದ ಪಕ್ಕ ಕೂತು, ಅವಳು ಆ ನಲವತ್ತು ನಿಮಿಷದ ಕತೆ ಹೇಳಿದಳು. ಹೆಚ್ಚು ಮಾತು ಬೇಕಾಗಲಿಲ್ಲ. ಗ್ರೀಸಿನ ಕೈಯನ್ನು ದೂರ ಹಿಡಿದುಕೊಂಡು, ಅವನು ನಡುವೆ ಬಾಯಿ ಹಾಕದೆ ಕೇಳಿದ.

"ಇನ್ನು ಹೊತ್ತಿಗೆ ಸರಿಯಾಗಿ ಬರ್ತೀನಿ," ಎಂದ ಕೊನೆಗೆ. "ಯಾರ ಮಿಕ್ಸಿನೂ ಮುಟ್ಟಲ್ಲ."

"ಬೇಡ," ಎಂದಳು. "ಅದು ನಿಮಗೆ ಬರಲ್ಲ. ತಡ ಮಾಡಿ. ನಾನು ಕಾಯೋದು ಕಲೀತೀನಿ." ಕುಂಡದ ಹೊಸ ಎಲೆಯ ಮೇಲಿನ ಧೂಳು ಒರೆಸಿದಳು. "ಆದ್ರೆ ಬನ್ನಿ."

"ಬರ್ತೀನಿ ಮಾರಾಯ್ತಿ."

ಒಳಗೆ ಉಜ್ಜನಪ್ಪ ಮತ್ತೆ ಕೋಲು ಕೈಗೆತ್ತಿಕೊಂಡಿದ್ದರು. ಒಂದು, ಎರಡು, ಮೂರು. ಗ್ರೀಸಿನ ಕೈ ಅವಳ ಕೈಯ ಪಕ್ಕಕ್ಕೆ ಬಂದು, ಮುಟ್ಟಲೋ ಬೇಡವೋ ಎಂದು ನಿಂತಿತ್ತು. ಅವಳು ತನ್ನ ಕೈಯನ್ನು ಸರಿಸಲಿಲ್ಲ. ಇಬ್ಬರೂ ಕಾದರು.

ನಾಲ್ಕನೆಯದು ಬಿತ್ತು.