ತಳದಲ್ಲಿ ಬರೆದ ಹೆಸರು

"ಬಟ್ಟಲ ಮುಂದ ನಿಮ್ಮ ಹೆಸರು ಹೇಳಬ್ಯಾಡ್ರಿ ಮೇಡಂ. ಅದು ಕರದ್ರ ಓ ಅನಬ್ಯಾಡ್ರಿ."

ಮುದುಕಿ ಹೊಳೆಮ್ಮ ಒಳಕೋಣೆಯ ಹೊಸ್ತಿಲು ದಾಟಲಿಲ್ಲ. ಸುಮಲತಾ ನಕ್ಕಳು. ಚೀನಾಕ್ಕೆ ಹೋಗಿ ಅಲ್ಲಿಯ ಭಾಷೆ, ಹಳೆಯ ಪಿಂಗಾಣಿ ಎರಡನ್ನೂ ಕಲಿತು ಡಾಕ್ಟರೇಟ್ ಪಡೆದಿದ್ದಳು. ಕಾಯಂ ಕೆಲಸ ಮಾತ್ರ ಸಿಕ್ಕಿರಲಿಲ್ಲ. ಹಂಪಿಯ ಮಣ್ಣಿನಲ್ಲಿ ಚೀನಾ ಪಿಂಗಾಣಿಯ ಚೂರುಗಳಷ್ಟೇ ಸಿಗುತ್ತವೆ. ಇಡೀ ಬಟ್ಟಲೊಂದು ಕಡ್ಡಿರಾಂಪುರದ ಈ ಮನೆಯಲ್ಲಿದೆ ಎಂದು ಕೇಳಿ ಓಡಿ ಬಂದಿದ್ದಳು. ಇದರ ಮೇಲೆ ಬರೆದರೆ ವಿಶ್ವವಿದ್ಯಾಲಯದ ಕುರ್ಚಿ ಅವಳದೇ.

"ಯಾಕಜ್ಜಿ, ನನ್ನ ಹೆಸರಿಗೇನಾಗೈತಿ? ಸುಮಲತಾ! ಡಾಕ್ಟರ್ ಸುಮಲತಾ! ಕೇಳಿಸ್ತೇನಪಾ ಬಟ್ಟಲಪ್ಪ?"

ಹೊಳೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯಯ್ಯೋ... ಚೀನಾದಿಂದ ಬಂದ ಒಬ್ಬನ್ನ ಮಾಟ ಮಾಡಿ ಅದರಾಗ ಕಟ್ಯಾರಂತ್ರಿ. ತಳದಾಗ ಅವನ ಹೆಸರೈತಿ. ಓದಿ ಕರದ್ರ ಏಳ್ತಾನಂತ. ಅದನ್ನ ಓದಾಕ ನಮಗ್ಯಾರಿಗೂ ಬರಂಗಿಲ್ಲ, ಅದಕ್ಕ ಬದುಕೀವಿ."

"ನನಗ ಬರ್ತೈತಿ ಬಿಡು."

ಎಷ್ಟು ಸೊಕ್ಕು!

ಹೊರಗೆ ಸುಡುವ ಮಧ್ಯಾಹ್ನ. ಹಂಪಿ ಬಸ್ಸಿನ ಹಾರನ್ನು. ಕಿಟಕಿಯಿಲ್ಲದ ಕೋಣೆಯಲ್ಲಿ ಮಾತ್ರ ಕತ್ತಲು ಮಡುಗಟ್ಟಿತ್ತು. ಕೊಳೆತ ಬಾಳೆದಿಂಡು, ಇಲಿಹಿಕ್ಕೆ, ಆರಿದ ಲೋಬಾನ, ಎಲ್ಲದರ ವಾಸನೆ ಗಂಟಲಿಗೆ ಅಂಟಿತು. ಬಟ್ಟಲು ನೆಲದ ಮೇಲೆ ಬೋರಲಾಗಿತ್ತು. ಅವಳು ಮೊಬೈಲ್ ಬೆಳಕು ಹಿಡಿದಳು. ಬಿಳಿ ತಳದಲ್ಲಿ ನೀಲಿ ಅಕ್ಷರಗಳು, ಈಗಷ್ಟೇ ಬರೆದಂತೆ ಹಸಿಯಾಗಿದ್ದವು.

ಇಂಥ ತಳದಲ್ಲಿ ರಾಜನ ಕಾಲ ಬರೆದಿರುತ್ತಾರೆ, ಇಲ್ಲವೇ ಒಂದು ಹಾರೈಕೆ. ಇಲ್ಲಿದ್ದದ್ದು ಒಬ್ಬ ಮನುಷ್ಯನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಹಿಗ್ಗಿನಲ್ಲಿ ಗಟ್ಟಿಯಾಗಿ ಓದಿಬಿಟ್ಟಳು.

"ಓ," ಎಂದಿತು ಬಟ್ಟಲು.

ಚೀನೀ ಮಾತಲ್ಲ. ನಮ್ಮದೇ ಓ. ಈ ಮನೆಯವರು ಒಬ್ಬರನ್ನೊಬ್ಬರು ಕರೆಯುವುದನ್ನು ತಲೆಮಾರುಗಟ್ಟಲೆ ಕೇಳಿ ಕೇಳಿ ಕಲಿತ ಓ.

ಬೆಳಕು ಆರಿತು. ಹಸಿಮಣ್ಣಿನ ವಾಸನೆ. ಕಿವಿಯ ಹತ್ತಿರ ಉಸಿರು. ಬಾಗಿಲು? ತಡಕಿದಳು. ಗೋಡೆ. ಮತ್ತೆ ಗೋಡೆ.

"ಸುಮಲತಾ! ಈ ಕಡೆ ಬಾರವ್ವಾ!"

ಹೊಳೆಮ್ಮನ ದನಿ. ಹೊಳೆಮ್ಮ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಭಯದಲ್ಲಿ ಅದು ಹೊಳೆಯಲಿಲ್ಲ.

"ಓ! ಬಂದೆ!"

ಗೋಡೆ ಬಾಗಿತು. ತಣ್ಣಗಾಯಿತು. ನುಣ್ಣಗಾಯಿತು. ತಲೆಯ ಮೇಲೂ ಅದೇ ಗೋಡೆ. ಕೆಳಗೆ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು. ಅದರಲ್ಲಿ ಅವಳದೇ ಕಾಲುಗಳು ಹೊಸ್ತಿಲು ದಾಟಿ ಹೋಗುತ್ತಿದ್ದವು.

"ಯಾಕ್ರೀ, ಬಟ್ಟಲ ಬ್ಯಾಡೇನ್ರಿ?"

"ಬ್ಯಾಡ," ಎಂದಿತು ಅವಳದೇ ಬಾಯಿ.

"ಮೇಡಂ, ನಿಮ್ಮ ಬ್ಯಾಗು! ಮೇಡಂ!"

ಬಟ್ಟಲೊಳಗಿಂದ ಸುಮಲತಾ ಓ, ಓ ಎಂದು ಚೀರಿದಳು. ಮೇಡಂ ಅನ್ನುವುದು ಹೆಸರಲ್ಲ. ಪಿಂಗಾಣಿ ಸಣ್ಣಗೆ ಕಿಣಿಗುಟ್ಟಿತು, ಅಷ್ಟೇ.

ಹೊಳೆಮ್ಮ ದೀಪ ಹಿಡಿದು ಬಂದಳು. ತಳದಲ್ಲೀಗ ದುಂಡನೆಯ ನಾಲ್ಕು ಕನ್ನಡ ಅಕ್ಷರಗಳಿದ್ದವು. ಬಾಗಿ ನೋಡಿದಳು. ಬೆರಳಾಡಿಸಿದಳು.

ಓದು, ಅಜ್ಜಿ. ಒಂದೇ ಒಂದು ಸಲ ಓದು.

ಹೊಳೆಮ್ಮ ಶಾಲೆಯ ಮುಖ ಕಂಡವಳಲ್ಲ. ಬಟ್ಟಲ ಮೇಲೆ ಗೋಣಿಚೀಲ ಹೊದಿಸಿದಳು.

"ಇನ್ನ ಓದಿದೋರ್ನ ಒಳಗ ಬಿಡಂಗಿಲ್ಲಪಾ," ಎನ್ನುತ್ತ ಬೀಗ ಹಾಕಿದಳು.