ವಾನರನ ಊರುಗೋಲು

"ಆ ಕೋಲೊಂದನ್ನ ಮುಟ್ಟಬೇಡ ಮಗಳೇ. ಉಳಿದದ್ದು ಏನು ಬೇಕಾದ್ರೂ ತೊಳಿ."

ಬೈಂಡರ್ ತಾತ ಹುಡುಗಿಯ ಚಹಾ ಲೋಟವನ್ನು ಚಿತ್ರದಿಂದ ದೂರವಿಟ್ಟು, ಆರದಿರಲೆಂದು ಮೇಲೆ ಸಾಸರು ಮುಚ್ಚಿದ. ಗ್ರಂಥಾಲಯದ ಪುಸ್ತಕ ದುರಸ್ತಿ ಕೋಣೆಗೆ ಅವಳು ಕೆಲಸಕ್ಕೆ ಸೇರಿ ಒಂಬತ್ತು ದಿನ. ಮೇಜಿನ ಮೇಲೆ ಹಳೆಯ ಪ್ರಾಣಿಶಾಸ್ತ್ರ ಪುಸ್ತಕದ ಹಾಳೆ: ಮನುಷ್ಯನಂತೆ ನೆಟ್ಟಗೆ ನಿಂತ ಒರಾಂಗುಟಾನ್, ಮುದುಕನ ಮುಖ, ಕೈಯಲ್ಲಿ ಊರುಗೋಲು.

"ವಾಕಿಂಗ್ ಹೊರಟಿದೆಯಾ ತಾತ?" ಅವಳು ನಕ್ಕಳು. "ಕೋಲಿನ ಮಸಿಯೇ ಬೇರೆ, ನೋಡಿ. ಯಾರೋ ಆಮೇಲೆ ಸೇರಿಸಿದ್ದು. ತೆಗೀಬೇಕು."

"ಸೇರಿಸಿದ್ದೇ ಪುಣ್ಯ. ಜ್ವರ ಬಂದ ಪ್ರಾಣೀನ ಹಗ್ಗ ಕಟ್ಟಿ ನಿಲ್ಲಿಸಿ ಬರೆದ್ರಂತೆ. ನಿಂತಲ್ಲೇ ಸತ್ತೋಯ್ತು. ಸಾಕಿದ ಹೆಂಗಸು ಅದರ ಕೂದಲು ಸುಟ್ಟು, ಬೂದೀನ ಚಿತ್ರಗಾರನ ಮಸೀಲಿ ಕಲಸಿದ್ಲು. 'ನಿಲ್ಲಿಸಿದವರೇ ಇದರ ಭಾರ ಹೊರಲಿ' ಅಂದ್ಲು. ಆ ಚಿತ್ರಗಾರ ಬೆನ್ನು ಮುರಿದು ಸತ್ತ. ಬಣ್ಣ ಹಚ್ಚೋಳೊಬ್ಬಳು ಕನಿಕರಪಟ್ಟು ಕೋಲು ಬರೆದ ಮೇಲೇ ಅದು ಸುಮ್ಮನಾಗಿದ್ದು."

"ಕಾಗಕ್ಕ ಗುಬ್ಬಕ್ಕನ ಕತೆ!"

ತಾತ ಊಟಕ್ಕೆ ಹೋದ. ಅವಳು ಒದ್ದೆ ಹತ್ತಿಯಿಂದ ಕೋಲನ್ನು ಒರೆಸಿದಳು. ಮಸಿ ಸಲೀಸಾಗಿ ಬಿಟ್ಟಿತು. ಕೋಣೆಯಲ್ಲಿ ಸುಟ್ಟ ಕೂದಲಿನ ಕಮಟು ವಾಸನೆ ಎದ್ದಿತು.

ಫೋನು ಹೊಡೆದುಕೊಂಡಿತು. ಅಮ್ಮ. ಸೊಂಟ ಮುರಿದು ಮೂರು ತಿಂಗಳು ಮಲಗಿದ್ದವಳು, ಇವತ್ತೇ ಮೊದಲ ಸಲ ಒಬ್ಬಳೇ ನಡೆಯಬೇಕಿತ್ತು.

"ಕೋಲು ಇಲ್ಲ ಕಣೇ. ಕೈಯಲ್ಲೇ ಇತ್ತು, ಮಾಯವಾಯ್ತು. ಗೋಡೆ ಹಿಡ್ಕೊಂಡು ನಿಂತಿದೀನಿ. ಕಾಲು ನಡುಗ್ತಿದೆ."

ಅವಳ ಕಣ್ಣು ಹಾಳೆಯ ಮೇಲೆ ಬಿತ್ತು. ವಾನರನ ಕೈಯಲ್ಲಿ ಮತ್ತೆ ಕೋಲು. ತುದಿಗೆ ರಬ್ಬರು. ಹಿಡಿಗೆ ನೀಲಿ ಬಟ್ಟೆ. ಅಮ್ಮನ ಅಂಗೈಯಲ್ಲಿ ಬೊಬ್ಬೆ ಬಾರದಿರಲೆಂದು ತನ್ನ ಹಳೇ ದುಪಟ್ಟಾ ಹರಿದು ಅವಳೇ ಸುತ್ತಿದ್ದ ಬಟ್ಟೆ.

"ಬೀಳ್ತೀನಿ ಮಗಾ..."

ನಿಲ್ಲಿಸಿದವರೇ ಭಾರ ಹೊರಲಿ. ತಾತನ ಮಾತು ಈಗ ಅರ್ಥವಾಯಿತು. ಕೋಲು ಅಳಿಸಿ ಅದನ್ನು ಬರಿಗೈಯಲ್ಲಿ ನಿಲ್ಲಿಸಿದವಳು ತಾನೇ. ಆದರೂ ಹತ್ತಿ ಅದ್ದಿದಳು. ಒರೆಸಿದಳು.

"ಅಯ್ಯೋ, ಇಲ್ಲೇ ಇದೆಯಲ್ಲೇ!" ಅಮ್ಮ ನಕ್ಕಳು.

ಬೆನ್ನ ಹಿಂದೆ ಯಾರೋ ಉಸಿರೆಳೆದರು. ಒದ್ದೆ ತುಪ್ಪಳದ ವಾಸನೆ. ಜ್ವರದ ಬಿಸಿ. ಭುಜದ ಮೇಲೊಂದು ಕೈ. ಉದ್ದ ಬೆರಳುಗಳು. ಹಿಡಿತದಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ಭಾರ ಇಳಿಯಿತು. ಮೊಣಕಾಲು ಮಡಚಿತು. ಕೂಗಬೇಕೆಂದುಕೊಂಡಳು. ಬಾಯಲ್ಲಿ ಬೂದಿ.

ತಾತ ಬಂದಾಗ ಕುರ್ಚಿ ಖಾಲಿ. ಹಾಳೆಯಲ್ಲಿ ವಾನರ ನಿಂತಿತ್ತು, ಬೆನ್ನು ಬಾಗಿದ ಹುಡುಗಿಯ ಭುಜದ ಮೇಲೆ ಕೈಯೂರಿ. ತಾತ ಕಣ್ಣೊರೆಸಿಕೊಂಡು ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಒಂದು ಕೋಲು ಬರೆದುಬಿಟ್ಟರೆ...

ಚಿತ್ರದ ಹುಡುಗಿ ಫೋನಿನತ್ತ ನೋಡಿ ತಲೆಯಲ್ಲಾಡಿಸಿದಳು. ಬೇಡ.

ಮೇಜಿನ ಮೇಲಿನ ಫೋನು ಇನ್ನೂ ಮಾತಾಡುತ್ತಲೇ ಇತ್ತು. ಅಮ್ಮ ಕೋಲೂರುವ ಸದ್ದು. ಟಕ್. ಟಕ್. "ಹತ್ತು ಹೆಜ್ಜೆ ಕಣೇ! ಕೇಳಿಸ್ತಾ? ಬೇಗ ಬಾ, ಬಾಗಿಲಲ್ಲೇ ಇರ್ತೀನಿ."

ತಾತ ಲೇಖನಿ ಕೆಳಗಿಟ್ಟ. ಸಾಸರಿನ ಕೆಳಗೆ ಚಹಾ ಇನ್ನೂ ಬೆಚ್ಚಗಿತ್ತು.