ಬಾಲ್ಕನಿಯಲ್ಲಿ ಎರಡು ತಲೆ

ಆ ಓಣಿಯಲ್ಲಿ ಮನೆಗಳು ಎಷ್ಟು ಹತ್ತಿರವೆಂದರೆ, ಒಬ್ಬರು ಸೀನಿದರೆ ಎದುರು ಮನೆಯವರು ಮೂಗು ಒರೆಸಿಕೊಳ್ಳುತ್ತಿದ್ದರು. ಹಳೆಯ ಕಟ್ಟಡ ಕೆಡವಿ, ಗಾಳಿ ಬೆಳಕು ಕೆಡದಂತೆ ಇನ್ನಷ್ಟು ಜನರಿಗೆ ಮನೆ ಮಾಡುವ ನಕ್ಷೆ ಬರೆಯಲು ಬಂದಿದ್ದ ಪ್ಲಾನರ್, ಮನೆ ಮನೆಯ ತಲೆ ಎಣಿಸುತ್ತಿದ್ದ. ನಲವತ್ತು ದಾಟಿದರೂ ಅವನ ತಲೆಯನ್ನು ಎಣಿಸುವವರು ಯಾರೂ ಇರಲಿಲ್ಲ.

ಮೂರನೇ ಮಹಡಿಯಲ್ಲಿ ಕನ್ನಡಕ ಜೋಡಿಸುವಾಕೆ ಬಾಗಿಲು ತೆರೆದಳು.

"ಎಷ್ಟು ಜನ?"

"ಇಬ್ಬರು. ನಾನು, ನಮ್ಮ ಯಜಮಾನ್ರು."

ಬಾಲ್ಕನಿಯಲ್ಲಿ ಅವಳ ಸ್ಟೂಲಿನ ಪಕ್ಕ ತೂಗುಕುರ್ಚಿಯೊಂದು ತೂಗುತ್ತಿತ್ತು. ಗಾಳಿ ಇರಲಿಲ್ಲ.

ಅವನು 'ಎರಡು' ಎಂದು ಬರೆದುಕೊಂಡ. ಇಬ್ಬರಿದ್ದರೆ ಹೊಸ ಕಟ್ಟಡದಲ್ಲಿ ಬಾಲ್ಕನಿಯ ಮನೆ. ಒಬ್ಬರಾದರೆ ಹಿಂಬದಿ, ಕಿಟಕಿ ತೆರೆದರೆ ಗೋಡೆ. ನಿಯಮ ಅವನೇ ಮಾಡಿದ್ದು.

ಬಾಲ್ಕನಿ ಅಳೆಯಲು ಮತ್ತೆ ಬಂದ. ಅಳೆದದ್ದು ಸರಿಯೇ ಎಂದು ನೋಡಲು ಬಂದ. ಐದನೇ ಸಲ ಟೇಪನ್ನೇ ಮರೆತು ಬಂದ.

"ಇವತ್ತು ಗೇಣು ಹಾಕ್ತೀರಾ?" ಅವಳು ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದಳು. ಅವನ ಮೈಯೆಲ್ಲ ಬೆಚ್ಚಗಾಯಿತು. ಕತ್ತಿನ ಹಿಂದೆ ಮಾತ್ರ ಯಾರೋ ಉಸಿರುಬಿಟ್ಟಂತೆ ತಣ್ಣಗಾಯಿತು.

ಇಳಿಯುವಾಗ ಕೆಳಮನೆಯ ಅಜ್ಜಿ ತಡೆದರು. "ಅವಳ ಗಂಡ ಹೋಗಿ ನಾಲ್ಕು ವರ್ಷ ಆಯ್ತಪ್ಪ. ಒಳ್ಳೆಯವನು. ಈಗ್ಲೂ ಮೆಟ್ಟಿಲಲ್ಲಿ ಸಿಕ್ಕರೆ ಮಾತಾಡಿಸ್ತಾನೆ."

ಅವನು ಹಾಗೇ ಮೇಲೆ ಹತ್ತಿದ. "ಯಜಮಾನ್ರು ತೀರಿಕೊಂಡಿದ್ದಾರಂತೆ?"

"ಬದುಕಿರೋರು ಎಷ್ಟು ಜನ ಅಂತ ನೀವೆಲ್ಲಿ ಕೇಳಿದ್ರಿ?" ಅವಳು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು. "ಬೇಕಾದ್ರೆ ತಿದ್ದಿಬಿಡಿ. ಆದ್ರೆ ಹಿಂಬದಿ ಮನೇಲಿ ಬೆಳಕಿಲ್ಲ, ನನ್ನ ಕೆಲಸ ನಿಲ್ಲತ್ತೆ. ಅವರಿಗೂ ಕೂರೋಕೆ ಜಾಗ ಇರಲ್ಲ."

ಅವನು ಪೆನ್ನು ಮುಚ್ಚಿದ. "ಸುಳ್ಳು ಬರೆಯೋಕಾಗಲ್ಲ. ಆದ್ರೆ ಬರೆದಿದ್ದನ್ನ ನಿಜ ಮಾಡಬಹುದು. ನಾನು ಬಂದ್ರೆ ಇಬ್ಬರಾಗ್ತೀವಿ."

ಅವಳು ತೂಗುಕುರ್ಚಿಯತ್ತ ಬೆರಳು ತೋರಿಸಿದಳು. "ಇವರನ್ನ ಓಡಿಸ್ತೀರಾ?"

"ಛೆ! ಮೊದಲು ಬಂದೋರು ಅವರು. ಇದ್ದೋರನ್ನ ಎಬ್ಬಿಸದೆ ಇನ್ನೊಬ್ಬರಿಗೆ ಜಾಗ ಮಾಡೋದೇ ನನ್ನ ಕೆಲಸ."

ಅವಳು ಬಾಲ್ಕನಿಯತ್ತ ತಿರುಗಿದಳು. "ರೀ... ಕೇಳಿಸ್ತಾ?"

ತೂಗುಕುರ್ಚಿ ನಿಂತಿತು. ಆಮೇಲೆ ಕಿರುಗುಟ್ಟುತ್ತಾ, ತನ್ನಷ್ಟಕ್ಕೆ ತಾನೇ, ಒಂದು ಗೇಣು ಗೋಡೆಯ ಕಡೆ ಸರಿಯಿತು.

ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಬರುವಾಗ ಒಂದು ಕುರ್ಚಿ ತನ್ನಿ," ಎಂದಳು. "ಅವರದ್ರಲ್ಲಿ ಮಾತ್ರ ಕೂರಬೇಡಿ."